ಅಕ್ಕ ಕೊಡದ ಹಸಿರು ಚೀಟಿ

ನಾನು ದರ್ಜಿ. ಮದ್ದೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇಪ್ಪತ್ತೆರಡು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ನನ್ನಿಂದ ಆಗದೇ ಹೋದ ಕೆಲಸವನ್ನು ಮೊದಲೇ ಹೇಳಿಬಿಡುತ್ತೇನೆ. ಎಂಟು ವರ್ಷ ನಾನು ನನ್ನ ಒಡಹುಟ್ಟಿದ ಅಕ್ಕನ ಅಳತೆ ತೆಗೆಯಲಿಲ್ಲ.

ಹೊಲಿದು ಕೊಡಲಿಲ್ಲ ಅಂತಲ್ಲ. ಯುಗಾದಿಗೆ ಎರಡು, ದಸರಾಕ್ಕೆ ಎರಡು ರವಿಕೆ ತಪ್ಪದೆ ಕೊಟ್ಟಿದ್ದೇನೆ. ಆದರೆ ಅಷ್ಟನ್ನೂ ಅಳತೆ ಪುಸ್ತಕದ ಒಂದೇ ಹಳೇ ಪುಟ ನೋಡಿ ಹೊಲಿದೆ. ಅವ್ವ ಬದುಕಿದ್ದಾಗ, ಅಕ್ಕನನ್ನು ಅಂಗಡಿಗೆ ಕರೆತಂದು ಬರೆಸಿದ ಪುಟ ಅದು.

ಅಕ್ಕನ ಹೆಸರು ಚಿಕ್ಕತಾಯಮ್ಮ. ನನಗಿಂತ ಆರು ವರ್ಷ ದೊಡ್ಡವಳು. ನಮ್ಮೂರು ಬೆಸಗರಹಳ್ಳಿಯಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಓದು, ಲೆಕ್ಕ, ಮಾತು ಎಲ್ಲ ಅವಳಿಗೆ ನಿಧಾನ. ಊರಿನವರು ಅದಕ್ಕೆ ಏನೇನೋ ಹೆಸರಿಟ್ಟು ಕರೆಯುತ್ತಿದ್ದರು. ಅವನ್ನು ಇಲ್ಲಿ ಬರೆಯುವುದಿಲ್ಲ. ಅವ್ವ ತೀರಿಕೊಂಡ ಮೇಲೆ ಅಕ್ಕನನ್ನು ಮಂಡ್ಯದ ಹೊರಗೆ ಇಂಥವರಿಗಾಗಿಯೇ ಇರುವ ಒಂದು ವಸತಿ ಮನೆಗೆ ಸೇರಿಸಿದೆ. ತಿಂಗಳ ಕೊನೆಯ ಭಾನುವಾರ ನೋಡಲು ಹೋಗುತ್ತಿದ್ದೆ. ಆಫೀಸು ಕೋಣೆಯಲ್ಲಿ ಕೂತು, ಅವರು ಕೊಟ್ಟ ಟೀ ಕುಡಿದು, ಆ ಮನೆ ನಡೆಸುವ ಲೀಲಾ ಮೇಡಂ ಅವರನ್ನು "ಅಕ್ಕ ಚೆನ್ನಾಗವ್ಳಾ ಮೇಡಂ?" ಎಂದು ಕೇಳುತ್ತಿದ್ದೆ. ಅಕ್ಕ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಿದ್ದಳು. ಅವಳು ಮಲಗುವ ಕೋಣೆ ಯಾವ ದಿಕ್ಕಿಗಿದೆ ಎಂದೂ ನನಗೆ ಗೊತ್ತಿರಲಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಈ ತಪ್ಪು ನನ್ನ ತಲೆಗೆ ಹೋಗಲು ಸ್ಕಾಟ್ಲೆಂಡಿಗೇ ಹೋಗಿಬರಬೇಕಾಯಿತು.

ಮಂಡ್ಯದ ಆಫೀಸು ಕೋಣೆ

ಒಂದು ಭಾನುವಾರ ಲೀಲಾ ಮೇಡಂ, "ರಾಜು, ತಾಯಮ್ಮನಿಗೆ ಹೊರದೇಶದಿಂದ ಕರೆ ಬಂದಿದೆ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ವಿಷಯ ಏನೆಂದರೆ, ಆ ಮನೆಯಲ್ಲಿ ವಾಸ ಇರುವವರದೇ ಒಂದು ಗುಂಪಿದೆಯಂತೆ. ವಾರಕ್ಕೊಮ್ಮೆ ಇಡೀ ಮನೆ ಸುತ್ತಿ ನಲ್ಲಿ ಸೋರುತ್ತಿದೆಯೇ, ಬಚ್ಚಲು ಜಾರುತ್ತಿದೆಯೇ, ಚಿಲಕ ಸರಿಯಿದೆಯೇ, ಸಾರಿಗೆ ಉಪ್ಪಿದೆಯೇ, ಯಾರಾದರೂ ಯಾರನ್ನಾದರೂ ಗದರಿದರೇ, ಎಲ್ಲ ನೋಡಿ ಮೇಡಂಗೆ ಹೇಳುವುದು ಅವರ ಕೆಲಸ. ಆ ಗುಂಪಿಗೆ ಅಕ್ಕನೇ ಯಜಮಾನಿ! ಸ್ಕಾಟ್ಲೆಂಡಿನಲ್ಲಿ ಇದೇ ಕೆಲಸ ಮಾಡುವ ಒಂದು ಗುಂಪಿನವರು ಅಕ್ಕ ನಲ್ಲಿ ತಿರುಗಿಸಿ ನೋಡುವ ವಿಡಿಯೋ ನೋಡಿ, 'ಹತ್ತು ದಿನ ಬಂದು ನಮ್ಮ ಕೆಲಸ ನೋಡಿ, ನಿಮ್ಮದನ್ನು ನಮಗೆ ತೋರಿಸಿ' ಎಂದು ಕರೆದಿದ್ದರು. ಜೊತೆಗೆ ಮೇಡಂ ಹೋಗುವುದು. ಮನೆಯವರಲ್ಲಿ ಒಬ್ಬರು ಬರಬಹುದು. ಖರ್ಚೆಲ್ಲ ಅವರದೇ.

ನಿಜ ಹೇಳುತ್ತೇನೆ, ಅಕ್ಕನಿಗಾಗಿ ನಾನು ಹೊರಡಲಿಲ್ಲ. ವಿಮಾನ ಹತ್ತುವ ಆಸೆಗೆ ಹೊರಟೆ. "ನಾನೇ ಕರ್ಕೊಂಡು ಓಗ್ತೀನಿ ಮೇಡಂ" ಅಂದೆ.

"ಅವರನ್ನ ಕೇಳೋಣ" ಎಂದು ಮೇಡಂ ಅಕ್ಕನ ಕಡೆ ತಿರುಗಿದರು. "ತಾಯಮ್ಮ, ಜೊತೆಗೆ ತಮ್ಮ ಬರಬಹುದಾ?"

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎತ್ತು ಕೊಳ್ಳುವವರು ನೋಡುವ ಹಾಗೆ.

"ಬರ್ಲಿ ಬುಡಿ" ಅಂದಳು. "ಬ್ಯಾಗ್ ಇಡ್ಕಳಾಕೆ ಒಬ್ರು ಬೇಕಲ್ಲ."

ಆಕಾಶದಲ್ಲಿ

ವಿಮಾನದಲ್ಲಿ ಸೀರೆಯುಟ್ಟ ಹುಡುಗಿ ನಿಂತು, ಪಟ್ಟಿ ಹೇಗೆ ಕಟ್ಟಿಕೊಳ್ಳಬೇಕು, ಅವಘಡವಾದರೆ ಯಾವ ಬಾಗಿಲಿಂದ ಹೋಗಬೇಕು ಎಂದು ಕೈಸನ್ನೆ ಮಾಡಿ ತೋರಿಸಿದಳು. ಜನ ಮೊಬೈಲು ನೋಡುತ್ತಿದ್ದರು. ಕಣ್ಣು ಮಿಟುಕಿಸದೆ ಅವಳನ್ನೇ ನೋಡಿದವಳು ಅಕ್ಕ ಒಬ್ಬಳೇ. ಮುಗಿದ ಮೇಲೆ ಜೋರಾಗಿ ಚಪ್ಪಾಳೆ ತಟ್ಟಿದಳು. ವಿಮಾನ ಮೇಲೇರಿದ ಮೇಲೆ ಎದ್ದು ಹಿಂದೆ ಮುಂದೆ ನಡೆದು ಬಾಗಿಲು ಎಣಿಸಿಕೊಂಡು ಬಂದಳು. ಶೌಚಾಲಯವನ್ನೂ ನೋಡಿ ಬಂದಳು.

ಅದರ ಉಪಯೋಗ ಸ್ವಲ್ಪ ಹೊತ್ತಿನಲ್ಲೇ ಆಯಿತು. ನಾನು ಒಳಗೆ ಹೋಗಿ ಚಿಲಕ ಹಾಕಿಕೊಂಡವನು ಹೊರಗೆ ಬರಲಾಗದೆ ಸಿಕ್ಕಿಕೊಂಡೆ. ತಳ್ಳಿದೆ, ಎಳೆದೆ, ಭುಜ ಕೊಟ್ಟೆ. ಹೊರಗಿನಿಂದ ಅಕ್ಕನ ದನಿ ಇಡೀ ವಿಮಾನಕ್ಕೆ ಕೇಳಿಸಿತು.

"ಲೋ ರಾಜ! ಗುದ್ಬ್ಯಾಡ ಕಣ್ಲಾ, ವಿಮಾನ ಮುರ್ದಾತು! ಚಿಲ್ಕ ಪಕ್ಕಕ್ ಸರ್ಸು. ಆಮೇಲೆ ಬಾಗ್ಲು ಮದ್ಯಕ್ಕೆ ಮಡಿಸ್ಕೊತದೆ."

ಮಡಿಸಿಕೊಂಡಿತು. ಹೊರಗೆ ಬಂದಾಗ ನಾಲ್ಕು ಸಾಲಿನ ಜನ ನನ್ನನ್ನೇ ನೋಡುತ್ತಿದ್ದರು. ಅಕ್ಕ ಅವರಿಗೆ, "ನಮ್ ತಮ್ಮ. ಮೊದ್ಲ ಸತಿ ಬತ್ತಾವ್ನೆ" ಎಂದು ನನ್ನ ಪರವಾಗಿ ಹೇಳಿದಳು. ಅವಳಿಗೂ ಅದು ಮೊದಲ ಸಲವೇ.

ಕಡಲ ಪಕ್ಕದ ಮನೆ

ನಾವು ಹೋದದ್ದು ಕಡಲ ದಡದ ಒಂದು ಪುಟ್ಟ ಊರಿಗೆ. ಕಲ್ಲಿನ ಮನೆಗಳು, ಸದಾ ಬೀಸುವ ಗಾಳಿ. ಬೇಸಿಗೆ ಅಂದರು. ನಾನು ಎರಡು ಸ್ವೆಟರು ಹಾಕಿಕೊಂಡೆ. ಉಳಿದುಕೊಂಡ ಮನೆಯಲ್ಲಿ ಅಕ್ಕನಂಥವರು ಆರು ಜನ ವಾಸವಿದ್ದರು. ಅವರಿಗೆ ನೆರವಾಗಲು ಸರದಿಯ ಮೇಲೆ ಬರುವವರಲ್ಲಿ ಮುಖ್ಯನಾದವನು ಇಯಾನ್, ಕೆಂಪು ಗಡ್ಡದ ಭಾರೀ ಆಳು.

ಮೊದಲ ಊಟಕ್ಕೆ ಇಯಾನ್ ಬಂದು ಏನೋ ಕೇಳಿದ. ತಾಯಮ್ಮ ಏನು ತಿಂತಾರೆ ಅಂತ, ಎಂದು ಮೇಡಂ ಕನ್ನಡದಲ್ಲಿ ಹೇಳಿದರು. "ಅವ್ಳಿಗೆ ಮೊಸರನ್ನ ಸಾಕು" ಅಂದೆ ನಾನು. ಇಯಾನ್ ನನ್ನ ಮಾತು ಮುಗಿಯುವ ತನಕ ಮರ್ಯಾದೆಯಿಂದ ಕಾದ. ಆಮೇಲೆ ಅಕ್ಕನ ಕಡೆ ತಿರುಗಿ, ಮಂಡಿಯೂರಿ ಕೂತು, ಚಿತ್ರಗಳಿದ್ದ ಹಾಳೆ ಹಿಡಿದು ಅದೇ ಪ್ರಶ್ನೆಯನ್ನು ಅವಳನ್ನು ಕೇಳಿದ. ಅಕ್ಕ ಮೀನಿನ ಮೇಲೆ ಬೆರಳಿಟ್ಟಳು.

ಅಕ್ಕನಿಗೆ ಮೀನು ಬೇಕು ಎಂದು ನನಗೆ ಗೊತ್ತಿರಲಿಲ್ಲ. ಮುಳ್ಳು ಗಂಟಲಿಗೆ ಸಿಕ್ಕೀತೆಂದು ಅವ್ವ ಅವಳಿಗೆ ಮೀನು ಕೊಡುತ್ತಿರಲಿಲ್ಲ. ನಾನೂ ಅದನ್ನೇ ನಡೆಸಿಕೊಂಡು ಬಂದಿದ್ದೆ. ಇಯಾನ್ ಮುಳ್ಳಿಲ್ಲದ ತುಂಡನ್ನೇ ಆರಿಸಿ, ಬಿಡಿಸಿ ನೋಡಿ, ತಟ್ಟೆಗೆ ಹಾಕಿದ. ಅಷ್ಟೇ ಕೆಲಸ. ನಲವತ್ತು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯದ ಕೆಲಸ.

ಆ ಮನೆಯ ಪದ್ಧತಿ ಅದು. ಯಾರ ವಿಷಯವೋ ಅವರನ್ನೇ ಕೇಳಬೇಕು. ಒಬ್ಬರ ಪರವಾಗಿ ಇನ್ನೊಬ್ಬರು ಉತ್ತರ ಹೇಳಿದರೆ ಕೇಳಿಸಿಕೊಳ್ಳುತ್ತಾರೆ, ಆದರೆ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. "ಅಕ್ಕನಿಗೆ ಚಳಿ ಆಗ್ತಿದೆಯೇನೋ" ಎಂದು ನಾನು ಮೇಡಂ ಮೂಲಕ ಹೇಳಿಸಿದರೆ ಇಯಾನ್ ನಗುತ್ತಾ ಮುಖವನ್ನು ಅಕ್ಕನ ಕಡೆ ತಿರುಗಿಸುತ್ತಿದ್ದ. ಅವನ ಕುತ್ತಿಗೆ ಎಷ್ಟು ಸಲ ತಿರುಗಿತೋ, ನನಗೇ ಅಯ್ಯೋ ಅನ್ನಿಸಿತು.

ಮಾರನೇ ದಿನ ಸ್ನಾನಕ್ಕೆ ಹೋದರೆ ನಲ್ಲಿಯಲ್ಲಿ ನೀರು ಬೆಚ್ಚಗೆ ಬಂದು ಅಲ್ಲೇ ನಿಂತಿತು. ಬಿಸಿಯಾಗಲಿಲ್ಲ. ನಮ್ಮ ಕಡೆ ಹಂಡೆಯ ನೀರು ಮೈಮೇಲೆ ಬಿದ್ದರೆ 'ಹಾ' ಅನ್ನಬೇಕು, ಆಗಲೇ ಸ್ನಾನ. ಕೆಟ್ಟಿದೆ ಎಂದುಕೊಂಡು ಟವೆಲು ಸುತ್ತಿಕೊಂಡೇ ಇಯಾನ್‌ನನ್ನು ಕರೆತಂದೆ. ಅವನು ನೀರಿಗೆ ಒಂದು ಕಡ್ಡಿಯಂಥ ಮಾಪಕ ಹಿಡಿದು ತೋರಿಸಿದ. ಯಾರ ಮೈಯೂ ಸುಡದಷ್ಟೇ ಬಿಸಿ ಬರುವ ಹಾಗೆ ನಲ್ಲಿಗೇ ಕಟ್ಟು ಮಾಡಿದ್ದಾರೆ. ಸುಟ್ಟರೆ ಬಾಯಿಬಿಟ್ಟು ಹೇಳಲಾಗದವರೂ ಆ ಮನೆಯಲ್ಲಿದ್ದಾರಲ್ಲ. ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. "ನಮ್ಮನೇಲೂ ಇದು ಬೇಕು ಮೇಡಂ" ಅಂದಳು. ಮೇಡಂ ಪುಸ್ತಕದಲ್ಲಿ ಬರೆದುಕೊಂಡರು.

'ನಮ್ಮನೆ' ಅಂದದ್ದು ಮಂಡ್ಯದ ಮನೆಯನ್ನು. ನನಗೆ ಒಳಗೆಲ್ಲೋ ಚುಚ್ಚಿತು, ಸಂತೋಷವೂ ಆಯಿತು. ಎರಡೂ ಒಟ್ಟಿಗೆ.

ಫಿಯೋನಾ

ಮೂರನೇ ದಿನ, ನಮ್ಮನ್ನು ಕರೆಸಿದ ಗುಂಪಿನ ಫಿಯೋನಾ ಬಂದಳು. ಅಕ್ಕನಷ್ಟೇ ವಯಸ್ಸು, ಅಕ್ಕನಷ್ಟೇ ಎತ್ತರ, ಅಕ್ಕನ ಹಾಗೆಯೇ ನಿಧಾನವಾಗಿ ಕಲಿಯುವವಳು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಇಂಥ ಮನೆಗಳನ್ನು ತಪಾಸಣೆ ಮಾಡುವುದೇ ಅವಳ ಉದ್ಯೋಗ. ಅವಳ ಹತ್ತಿರ ಒಂದು ತಗಡಿನ ಡಬ್ಬಿ. ಅದರಲ್ಲಿ ನಗುವ ಮುಖದ ಹಸಿರು ಚೀಟಿಗಳು, ಮುಖ ಗಂಟಿಕ್ಕಿದ ಕೆಂಪು ಚೀಟಿಗಳು. ಅವಳು ಕೆಂಪು ಇಟ್ಟ ಕಡೆಗೆಲ್ಲ ಆ ಮನೆಯವರು ಸಮಜಾಯಿಷಿ ಕೊಡಬೇಕು, ಸರಿಪಡಿಸಬೇಕು. ಇಯಾನ್‌ನಂಥ ಆಳೂ ಅವಳ ಹಿಂದೆ ಪರೀಕ್ಷೆ ಬರೆದ ಹುಡುಗನ ಹಾಗೆ ನಡೆಯುತ್ತಿದ್ದ.

ಫಿಯೋನಾಗೆ ಕನ್ನಡ ಬಾರದು, ಅಕ್ಕನಿಗೆ ಇಂಗ್ಲಿಷ್ ಬಾರದು. ಇಬ್ಬರೂ ಬಾಯಿ ಮುಚ್ಚಲಿಲ್ಲ. ಅವಳು ಅವಳ ಭಾಷೆಯಲ್ಲಿ ನಲ್ಲಿ ತೋರಿಸಿದರೆ ಇವಳು ಇವಳ ಭಾಷೆಯಲ್ಲಿ ಬಚ್ಚಲ ಕಲ್ಲಿನ ಕಥೆ ಹೇಳುವಳು. ಮಧ್ಯಾಹ್ನದ ಹೊತ್ತಿಗೆ ಮೇಡಂ ತರ್ಜುಮೆ ಮಾಡುವುದನ್ನೇ ಬಿಟ್ಟರು.

ಅಕ್ಕನಿಗೂ ಒಂದು ಡಬ್ಬಿ ಸಿಕ್ಕಿತು. ಸಿಕ್ಕಿದ್ದೇ ತಡ, ಮೀನಿಗೆ ಹಸಿರು. ಬೆಳಗಿನ ಓಟ್ಸ್ ಗಂಜಿಗೆ ಕೆಂಪು. ಇಯಾನ್‌ನ ಗಡ್ಡಕ್ಕೆ ಹಸಿರು. ನಾನು ಅವಳ ಕೋಣೆಗೆ ಸೀದಾ ನುಗ್ಗಿದೆ. ನನಗೆ ಕೆಂಪು.

"ಯಾಕಕ್ಕ?"

"ಬಾಗ್ಲು ತಟ್ದ್ಯಾ? ಇಲ್ವಲ್ಲ. ಓಗು, ಆಚ್ಗೋಗಿ ತಟ್ಕಂಡು ಬಾ."

ಹೋಗಿ, ತಟ್ಟಿ, ಕಾದೆ. ಒಳಗೆ ಅವಳು ಸುಮ್ಮನೆ ಕೂತಿದ್ದಾಳೆ ಎಂದು ನನಗೆ ಗೊತ್ತು. ಬೇಕೆಂದೇ ತಡ ಮಾಡಿ, "ಬಾ" ಅಂದಳು.

ಅದೇ ಸಂಜೆ ಚಹಾದ ಅಂಗಡಿಯಲ್ಲಿ ಅಂಗಡಿಯಾಕೆ ಅಕ್ಕನನ್ನು ಏನು ಬೇಕೆಂದು ಕೇಳಿದಾಗ ನಾನು "ಟೀ" ಅಂದುಬಿಟ್ಟೆ. ಎರಡನೇ ಕೆಂಪು, ಈ ಸಲ ಫಿಯೋನಾಳಿಂದ. ಅಕ್ಕ ಗಾಜಿನ ಪೆಟ್ಟಿಗೆಯಲ್ಲಿದ್ದ ಗುಲಾಬಿ ಬಣ್ಣದ ದೊಡ್ಡ ಕೇಕು ತೋರಿಸಿ, ಪೂರಾ ತಿಂದು, ತುಟಿಯ ಮೇಲಿನ ಕ್ರೀಮು ಒರೆಸಿಕೊಳ್ಳದೆ ಬೀದಿಯುದ್ದಕ್ಕೂ ನಡೆದಳು.

ಮೊದಲು ಆಟವೆಂದುಕೊಂಡೆ. ಆದರೆ ದಿನ ಕಳೆದ ಹಾಗೆ ಅವಳು ಬಸ್ಸಿನ ಡ್ರೈವರಿಗೆ ಹಸಿರು, ಕಡಲಹಕ್ಕಿಗೆ ಹಸಿರು, ಮಳೆಗೂ ಹಸಿರು ಕೊಡುತ್ತಿದ್ದರೆ, ನನ್ನ ಜೇಬಿನಲ್ಲಿ ಬರೀ ಕೆಂಪು. ಐವತ್ತರ ಹತ್ತಿರ ಬಂದ ಗಂಡಸು ನಾನು, ಅಕ್ಕನ ಕೈಯಿಂದ ಒಂದು ಹಸಿರು ಚೀಟಿ ಬೇಕು ಎಂದು ಚಿಕ್ಕವನ ಹಾಗೆ ಆಸೆಪಡಲು ಶುರುಮಾಡಿದೆ. ಅವಳ ಬ್ಯಾಗು ಹಿಡಿದೆ. ಬೂಟಿನ ದಾರ ಕಟ್ಟಿದೆ. "ಕಟ್ಲಾ?" ಅಂತ ಕೇಳದೇ ಕಟ್ಟಿದೆ ಎಂದು ಅದಕ್ಕೂ ಕೆಂಪು.

ಒಗ್ಗರಣೆ

ಐದನೇ ದಿನ ಎಲ್ಲರಿಗೂ ನಮ್ಮೂರ ಊಟ ಮಾಡಿ ಬಡಿಸೋಣ, ಹಸಿರು ಗ್ಯಾರಂಟಿ ಎಂದುಕೊಂಡೆ. ಊರಿಂದ ತಂದ ರಾಗಿಹಿಟ್ಟಿತ್ತು, ಹುರುಳಿಕಾಳಿತ್ತು. ಮುದ್ದೆ ತೊಳಸಿದೆ, ಸಾರು ಕುದಿಸಿದೆ. ಎಣ್ಣೆ ಕಾಯಿಸಿ ಸಾಸಿವೆ, ಒಣಮೆಣಸಿನಕಾಯಿ ಹಾಕಿದೆ. ಸ್ವಲ್ಪ ಘಾಟು ಎದ್ದಿತು. ನಮ್ಮ ಕಡೆ ಅಷ್ಟಕ್ಕೆ ಪಕ್ಕದ ಮನೆಯವರು ಕೆಮ್ಮುವುದೂ ಇಲ್ಲ.

ಸೂರಿನಿಂದ ಕಿವಿ ಕಿತ್ತುಹೋಗುವ ಹಾಗೆ ಗಂಟೆ ಬಡಿದುಕೊಳ್ಳತೊಡಗಿತು. ಹೊಗೆ ಎದ್ದರೆ ತಾನಾಗೇ ಬಡಿಯುವ ಬೆಂಕಿಯ ಗಂಟೆ. ನಾನು ದಿಕ್ಕೆಟ್ಟು ಒಲೆ ಆರಿಸಿ, ನೇರ ಮಹಡಿಗೆ ಓಡಿದೆ. ಅಕ್ಕನ ಕೋಣೆ ಖಾಲಿ. ಬಚ್ಚಲು ಖಾಲಿ. "ಅಕ್ಕಾ! ಅಕ್ಕಾ!" ಎಂದು ಕೂಗುತ್ತಾ ಇಡೀ ಮಹಡಿ ಸುತ್ತಿದೆ. ಕಿಟಕಿಯಿಂದ ಕೆಳಗೆ ನೋಡಿದರೆ, ಹುಲ್ಲಿನ ಮೇಲೆ, ಇಂಥ ಹೊತ್ತಿಗೆಂದೇ ನೆಟ್ಟಿದ್ದ ಹಸಿರು ಕಂಬದ ಪಕ್ಕ, ಮನೆಯ ಆರೂ ಜನ ಸಾಲಾಗಿ ನಿಂತಿದ್ದಾರೆ. ಗಾಲಿಕುರ್ಚಿಯಲ್ಲಿದ್ದ ಅಜ್ಜನೂ ಬಂದು ಸೇರಿದ್ದಾನೆ. ಎಲ್ಲರ ಮುಂದೆ ಅಕ್ಕ, ಸೊಂಟದ ಮೇಲೆ ಕೈಯಿಟ್ಟುಕೊಂಡು.

"ಲೋ ರಾಜ! ಮ್ಯಾಲ್ಯಾಕ್ಲಾ ಓದೆ? ಗಂಟೆ ಒಡ್ದ್ರೆ ಆಚ್ಗೆ ಬರ್ಬೇಕು ಅಂತ ಗೊತ್ತಿಲ್ವಾ? ಇಳೀಲಾ ಕೆಳೀಕೆ!"

ಇಳಿದೆ. ಇಯಾನ್ ಎಲ್ಲರ ಹೆಸರು ಕೂಗಿ ಗುರುತು ಹಾಕಿಕೊಂಡ. ಕೊನೆಗೆ ಬಂದವನು ನಾನೊಬ್ಬನೇ. ಮೇಡಂ ನಗು ತಡೆಯುತ್ತಾ, "ಮಂಡ್ಯದಲ್ಲಿ ತಿಂಗಳಿಗೊಮ್ಮೆ ಇದನ್ನ ಮಾಡಿಸ್ತೀವಿ ರಾಜು. ನೀವು ಬರೋ ಭಾನುವಾರ ಮಾಡೋಕಾಗಲ್ಲ ಅಷ್ಟೇ, ನೀವು ಆಫೀಸಿಂದ ಏಳಲ್ವಲ್ಲ" ಅಂದರು.

ಎಂಟು ವರ್ಷ ನಾನು ಈ ಅಕ್ಕನನ್ನು ಕಾಪಾಡಬೇಕಾದವಳು ಎಂದುಕೊಂಡಿದ್ದೆ. ಕಾಪಾಡಲು ಹೋದವನೇ ಬೆಂಕಿಯ ಮನೆಯಲ್ಲಿ ಉಳಿದಿದ್ದೆ.

ಒಳಗೆ ಬಂದ ಮೇಲೆ ಎಲ್ಲರೂ ಮುದ್ದೆ ತಿಂದರು. ಗಾಲಿಕುರ್ಚಿಯ ಅಜ್ಜ ಅದನ್ನು ಚಮಚದಲ್ಲಿ ಕತ್ತರಿಸಲು ಹೋದ. ಅಕ್ಕ ಅವನ ಕೈಯಿಂದ ಚಮಚ ತೆಗೆದಿಟ್ಟು, "ಅಗೀಬ್ಯಾಡ, ನುಂಗು" ಎಂದು ತಾನೇ ತುತ್ತು ಮುರಿದು, ಸಾರಿಗೆ ಅದ್ದಿ, ನುಂಗಿ ತೋರಿಸಿದಳು. ಇಯಾನ್ ತಕ್ಷಣ ಗಾಬರಿಯಿಂದ ಎದ್ದ. ಆ ಅಜ್ಜನಿಗೆ ನುಂಗುವಾಗ ಉಸಿರು ಕಟ್ಟುವ ತೊಂದರೆ ಇದೆಯಂತೆ. ಅಜ್ಜನ ಪಾಲನ್ನು ಸಾರಿನಲ್ಲೇ ಕಲಸಿ, ಗಂಜಿಯ ಹಾಗೆ ಮಾಡಿಕೊಟ್ಟರು. ಅಕ್ಕ ತನ್ನ ಡಬ್ಬಿ ತೆಗೆದು ತನಗೆ ತಾನೇ ಒಂದು ಕೆಂಪು ಕೊಟ್ಟುಕೊಂಡಳು. ಸಾರಿಗೆ ಹಸಿರು ಬಿತ್ತು. ಮಾಡಿದವನಿಗೆ ಬೀಳಲಿಲ್ಲ.

ಗುಡ್ಡದ ಕುರಿಗಳು

ಒಂದು ದಿನ ಬಸ್ಸಿನಲ್ಲಿ ಗುಡ್ಡಕ್ಕೆ ಹೋದೆವು. ಎಲ್ಲಿ ನೋಡಿದರೂ ಕುರಿ. ಕಪ್ಪು ಮುಖ, ನೆಲಕ್ಕೆ ತಾಗುವ ತುಪ್ಪಟ. ಅಕ್ಕ ಬೇಲಿಗೆ ಒರಗಿ ಬಹಳ ಹೊತ್ತು ನೋಡಿದಳು. ನಮ್ಮ ಅಜ್ಜಿಯ ಊರು ಮಳವಳ್ಳಿ ಕಡೆಯ ಬಂಡೂರು. ಕುಳ್ಳಗೆ, ದುಂಡಗೆ, ಪೀಪಾಯಿಗೆ ನಾಲ್ಕು ಕಾಲು ಬಂದ ಹಾಗಿರುವ ಅಲ್ಲಿಯ ಕುರಿಗಳ ನಡುವೆ ಅಕ್ಕ ಆಡಿ ಬೆಳೆದವಳು.

"ಎಂಗವೆ ಅಕ್ಕ?" ಎಂದೆ. ಕೇಳುವುದನ್ನು ಕಲಿಯುತ್ತಿದ್ದೆ.

"ಕೂದ್ಲೇ ಜಾಸ್ತಿ, ಒಳ್ಗೇನಿಲ್ಲ" ಅಂದಳು. "ನಮ್ ಬಂಡೂರು ಕುರಿ ತಬ್ಕಂಡ್ರೆ ಕೈ ತುಂಬ್ತದೆ."

ಫಿಯೋನಾಗೆ ಇದನ್ನು ಮೇಡಂ ಹೇಳಿದಾಗ ಅವಳಿಗೆ ಕೋಪ ಬಂತು. ತನ್ನ ಊರಿನ ಕುರಿಯ ಪರವಾಗಿ ಬಹಳ ಹೊತ್ತು ವಾದಿಸಿದಳು. ಇಬ್ಬರೂ ಬೇಲಿಯ ಎರಡು ತುದಿಗೆ ಹೋಗಿ ನಿಂತರು. ಆಮೇಲೆ ಕಡಲಹಕ್ಕಿಯೊಂದು ಹಾರಿ ಬಂದು ಫಿಯೋನಾಳ ಕೈಯಲ್ಲಿದ್ದ ಬ್ರೆಡ್ಡನ್ನು ಕಚ್ಚಿಕೊಂಡು ಹೋಯಿತು. ಅಕ್ಕ ತನ್ನ ಬ್ರೆಡ್ಡಿನಲ್ಲಿ ಅರ್ಧ ಮುರಿದು ಕೊಟ್ಟಳು. "ನಮ್ ಕೊಕ್ಕರೆ ಬೆಳ್ಳೂರಲ್ಲಿ ಅಕ್ಕಿಗೋಳು ಮನೆ ಮುಂದ್ಲ ಮರ್ದಲ್ಲೇ ಇರ್ತವೆ. ಯಾರ್ದೂ ಕಿತ್ಕಳಲ್ಲ" ಎಂದು ಸಮಾಧಾನ ಮಾಡಿದಳು. ರಾಜಿಯಾಯಿತು.

ಅಂಗಿಯ ಚಿತ್ರ

ಎಂಟನೇ ದಿನ ಫಿಯೋನಾ, ಪ್ರಶ್ನೆ ಕೇಳುವ ರೀತಿ ತೋರಿಸಲೆಂದು ಅಕ್ಕನನ್ನು ಎದುರು ಕೂರಿಸಿಕೊಂಡಳು. ಮೇಡಂ ನಡುವೆ ಕೂತರು. ನಾನು ಕಿಟಕಿಯ ಹತ್ತಿರ.

ಪುಟ ಮಗುಚಿದ ಹಾಗೆ ಚಿತ್ರಗಳು, ಮಂಡ್ಯದ ಮನೆಯ ಬಗ್ಗೆ ಪ್ರಶ್ನೆಗಳು. ಹಾಸಿಗೆಯ ಚಿತ್ರ: ಚೆನ್ನಾಗಿ ನಿದ್ದೆ ಬರುತ್ತದೆಯೇ? ಹಸಿರು. ಬಾಗಿಲ ಚಿತ್ರ: ಯಾರಾದರೂ ಹೆದರಿಸುತ್ತಾರೆಯೇ? ಇಲ್ಲ, ಹಸಿರು. ಬಚ್ಚಲ ಚಿತ್ರ: ಕೆಂಪು, "ಕಲ್ಲು ಜಾರ್ತದೆ, ನೀರು ಸುಡ್ತದೆ." ಮೇಡಂ ತಮ್ಮ ಮನೆಯ ಆ ಕೆಂಪನ್ನೂ ಮುಚ್ಚಿಡದೆ ಹೇಳಿದರು.

ಆಮೇಲೆ ಅಂಗಿಯ ಚಿತ್ರ. ನಿನ್ನ ಬಟ್ಟೆ ಯಾರು ಆರಿಸುತ್ತಾರೆ?

ಅಕ್ಕ ನನ್ನ ಕಡೆ ಬೆರಳು ತೋರಿಸಿದಳು.

ನಿನ್ನನ್ನು ಕೇಳುತ್ತಾನಾ?

"ಊಹೂಂ."

ಸರಿಯಾಗಿ ಆಗುತ್ತದಾ?

ಅಕ್ಕ ಸ್ವೆಟರಿನ ತೋಳು ಮೇಲಕ್ಕೆ ಸರಿಸಿ ಕೈ ಎತ್ತಿದಳು. ನಾನು ದಸರಾಕ್ಕೆ ಹೊಲಿದುಕೊಟ್ಟ ಕಂದು ರವಿಕೆ. ತೋಳಿನ ಅಂಚು ಮಾಂಸದೊಳಗೆ ಹೂತಿತ್ತು. ಅವಳು ಅದನ್ನು ಬೆರಳಲ್ಲಿ ಎತ್ತಿದಾಗ ಕೆಳಗೆ ಬಳೆಯ ಹಾಗೆ ಕೆಂಪು ಗೆರೆ ಕಂಡಿತು.

"ಬಿಗಿ" ಅಂದಳು.

ಅವನಿಗೆ ಹೇಳಿದೆಯಾ?

"ಯೋಳ್ದೆ. ಮೂರ್ ಸತಿ ಯೋಳ್ದೆ."

ಹೇಳಿದ್ದಳು. ನನಗೆ ಮೂರೂ ಸಲ ನೆನಪಿದೆ. ಆಫೀಸು ಕೋಣೆ, ಪಕ್ಕದ ಕುರ್ಚಿ, "ಬಿಗಿ ಕಣ್ಲಾ." ನಾನು ಅಂದದ್ದೂ ನೆನಪಿದೆ: "ಹೊಸ್ದು ಕಣಕ್ಕ, ಒಗುದ್ರೆ ಸರಿ ಓಯ್ತದೆ." ನನ್ನ ಅಂಗಡಿಗೆ ಬರುವ ಯಾವ ಹೆಂಗಸೂ 'ಬಿಗಿ' ಅಂದರೆ ನಾನು ಎದುರು ಮಾತಾಡುವುದಿಲ್ಲ. ಅಲ್ಲೇ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟ ಬಟ್ಟೆಯನ್ನು ಬಿಡಿಸಿ ಕೊಡುತ್ತೇನೆ. ಗುರುತಿಲ್ಲದವರಿಗೆ ಮಾಡುವುದನ್ನು ಅಕ್ಕನಿಗೆ ಮಾಡಲಿಲ್ಲ. ಅವಳು ಹೇಳಿದರೆ ಅದು ದೂರು ಎಂದು ನನ್ನ ಕಿವಿಗೆ ಅನ್ನಿಸಿರಲೇ ಇಲ್ಲ.

ಫಿಯೋನಾ ನನ್ನನ್ನು ನೋಡಿ, ನಿನ್ನ ಉದ್ಯೋಗ ಏನು ಎಂದು ಕೇಳಿಸಿದಳು. ದರ್ಜಿ, ಅಂದರು ಮೇಡಂ. ಫಿಯೋನಾ ಮೇಜು ಬಡಿದು ಬಡಿದು ನಕ್ಕಳು. ಅಕ್ಕನೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಾನೂ ನಕ್ಕೆ. ಕಿವಿ ಮಾತ್ರ ಉರಿಯುತ್ತಿತ್ತು.

ಕೊನೆಯ ಪುಟದಲ್ಲಿ ಒಂದು ಕುಟುಂಬದ ಚಿತ್ರ. ನಿನ್ನವರು ನಿನ್ನ ಮಾತು ಕೇಳುತ್ತಾರಾ?

ಅಕ್ಕ ಹಸಿರು ತೆಗೆದಳು, ನೋಡಿದಳು. ಕೆಂಪು ತೆಗೆದಳು, ನೋಡಿದಳು. ನನ್ನನ್ನು ನೋಡಿದಳು. ಎರಡನ್ನೂ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಆಮ್ಯಾಕೆ ಕೊಡ್ತೀನಿ" ಅಂದಳು.

ಆ ಮಧ್ಯಾಹ್ನ ಸೂಜಿ, ಕತ್ತರಿ ಕೇಳಿ ಪಡೆದು, ಬಾಗಿಲು ತಟ್ಟಿ, ಆ ರವಿಕೆ ಕೊಡುತ್ತೀಯಾ ಎಂದು ಅಕ್ಕನನ್ನು ಕೇಳಿ ತಂದೆ. ಒಳಗಿನ ಹೊಲಿಗೆ ಬಿಚ್ಚಲು ತಿರುಗಿಸಿದರೆ ಬಿಚ್ಚಲು ಏನೂ ಉಳಿದಿರಲಿಲ್ಲ. ನನ್ನ ಮಿಷಿನ್ ಹೊಲಿಗೆಯನ್ನು ಯಾರೋ ಆಗಲೇ ತೆಗೆದು, ಬಟ್ಟೆಯ ಕಟ್ಟಕಡೆಯ ಅಂಚಿಗೆ ಕೈಯಲ್ಲಿ ಹೊಲಿದಿದ್ದರು. ಸೊಟ್ಟಪಟ್ಟ, ಆದರೆ ಗಟ್ಟಿ ಹೊಲಿಗೆ.

"ನಾನೇ" ಅಂದರು ಲೀಲಾ ಮೇಡಂ.

"ನನ್ಗೆ ಒಂದ್ ಮಾತು ಯೋಳ್ಬಾರ್ದಿತ್ತಾ ಮೇಡಂ?"

"ತಾಯಮ್ಮ ಹೇಳ್ತಿದ್ದರಲ್ಲ. ನನ್ನ ಎದುರಿಗೇ, ನಿಮ್ಮ ಎದುರಿಗೇ. ಎರಡನೇ ಸಲಕ್ಕೆ ನಾನು ಬಾಯಿ ಹಾಕಬೇಕಿತ್ತು. ಮನೆಯವರು ಬರೋದೇ ಕಡಿಮೆ, ಬಂದವರನ್ನ ನೋಯಿಸೋದು ಬೇಡ ಅಂತ ಸುಮ್ಮನಾದೆ. ಅದು ನನ್ನ ಕೆಂಪು."

ನಾನು ತಲೆ ತಗ್ಗಿಸಿಕೊಂಡು, "ನನ್ ತಪ್ಪಾಯ್ತು ಅಂತ ಅವ್ಳಿಗೆ ವಸಿ ನೀವೇ ಯೋಳಿ ಮೇಡಂ" ಅಂದೆ.

ಅವರು ಇಯಾನ್ ಮಾಡುವ ಹಾಗೆಯೇ ಮುಖವನ್ನು ಅಕ್ಕನ ಕೋಣೆಯ ಕಡೆ ತಿರುಗಿಸಿದರು. ಅಷ್ಟೇ. ನನಗೆ ಎದ್ದು ಹೋಗಿ ಹೇಳಲಾಗಲಿಲ್ಲ.

ಮಾರನೇ ದಿನ ಫಿಯೋನಾ ಅಕ್ಕನನ್ನು ಬಟ್ಟೆ ಅಂಗಡಿಗೆ ಕರೆದೊಯ್ದಳು. ಅಕ್ಕ ಒಳಗೆ ಇಬ್ಬರು ಹಿಡಿಸುವಂಥ, ಸಾಸಿವೆ ಹೂವಿನ ಹಳದಿಯ ಸ್ವೆಟರು ಆರಿಸಿಕೊಂಡು, ತೋಳು ಬೀಸಿಕೊಂಡು ಬಂದಳು. ಕೊಳೆ ಕಾಣದಿರಲಿ ಎಂದು ಎಂಟು ವರ್ಷ ನಾನು ಅವಳಿಗೆ ಕಂದು, ಬೂದು ಬಟ್ಟೆಯನ್ನೇ ಹೊಲಿದಿದ್ದೆ.

ಮತ್ತೆ ಮಂಡ್ಯ

ಊರಿಗೆ ಬಂದ ಮೇಲೆ ಅಕ್ಕ ಮೊದಲು ಮಾಡಿದ ಕೆಲಸ, ಬಚ್ಚಲ ಬಾಗಿಲಿಗೆ ಕೆಂಪು ಚೀಟಿ ಅಂಟಿಸಿದ್ದು. ಮೇಡಂ ಅದನ್ನು ತೆಗೆಸಲಿಲ್ಲ. ಕೆಲವೇ ದಿನದಲ್ಲಿ ಒರಟು ಕಲ್ಲು ಹಾಕಿಸಿದರು. ಬಿಸಿನೀರಿನ ನಲ್ಲಿಗೆ ಕಟ್ಟು ಮಾಡಲು ಕೊಳಾಯಿಯವನು ಬಂದಾಗ ಅಕ್ಕ ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿದ್ದಳಂತೆ.

ಕೊನೆಯ ಭಾನುವಾರ ಬಂತು. ನಾನು ಆಫೀಸಿಗೆ ಹೋಗಲಿಲ್ಲ. ಕೇಳಿಕೊಂಡು ಹೋದೆ: ಹಿಂಬದಿಯ ಸಾಲು, ಎಡಗಡೆ ಮೂರನೇ ಬಾಗಿಲು. ತಟ್ಟಿದೆ.

"ಯಾರು?"

"ನಾನು ಕಣಕ್ಕ. ರಾಜ."

ಕಾದೆ. ಈ ಸಲವೂ ಬೇಕೆಂದೇ ತಡ ಮಾಡಿದಳು.

"ಬಾ."

ಕಿಟಕಿಯ ಕೆಳಗೆ ಮಂಚ. ಮಡಿಸಿಟ್ಟ ಹಳದಿ ಸ್ವೆಟರು. ಗೋಡೆಗೆ ಅವ್ವನ ಪಟ, ಅದರ ಪಕ್ಕ ಫಿಯೋನಾ ಮತ್ತು ಒಂದು ಕುರಿ. ಕಿಟಕಿಯಾಚೆ ಕಬ್ಬಿನ ಗದ್ದೆ. ಇಷ್ಟು ಚೆಂದದ ಕೋಣೆಯಲ್ಲಿ ನನ್ನ ಅಕ್ಕ ಎಂಟು ವರ್ಷದಿಂದ ಇದ್ದಳು.

ಚೀಲದಿಂದ ಹತ್ತು ಬಣ್ಣದ ತುಂಡು ಬಟ್ಟೆ ತೆಗೆದು ಮಂಚದ ಮೇಲೆ ಹರಡಿದೆ. "ಯಾವ್ದು ಬೇಕಕ್ಕ?" ಅವಳು ಒಂದೊಂದನ್ನೂ ಎತ್ತಿ, ಬೆಳಕಿಗೆ ಹಿಡಿದು, ಕೆನ್ನೆಗೆ ಒತ್ತಿ ನೋಡಿದಳು. ಗಿಳಿಹಸಿರು ಒಂದು, ಕಡು ಗುಲಾಬಿಯ 'ರಾಣಿ' ಬಣ್ಣ ಒಂದು.

"ತೋಳು ಎಷ್ಟುದ್ದ ಇರ್ಲಿ?"

"ಇಲ್ಗಂಟ." ಮೊಣಕೈ ತೋರಿಸಿದಳು.

ಟೇಪು ಹಿಡಿದು ತೋಳಿಗೆ ಸುತ್ತಿದೆ. "ಬಿಗಿನಾ?"

"ವಸಿ ಬುಡು."

ಬಿಟ್ಟೆ. "ಈಗ?"

"ಇನ್ ವಸಿ."

ಹಳೇ ಪುಟದ ಅಳತೆಗೂ ಇದಕ್ಕೂ ಎರಡೂವರೆ ಇಂಚು ವ್ಯತ್ಯಾಸ. ಹೊಸ ಪುಟದಲ್ಲಿ ಬರೆದುಕೊಂಡೆ. ಬರೆಯುತ್ತಾ, ಪುಸ್ತಕದ ಕಡೆಗೇ ನೋಡುತ್ತಾ, ತುಟಿಯೊಳಗೆ ಏನೋ ಗೊಣಗಿದೆ.

ಅಕ್ಕ ಮಂಚದ ಮೇಲೆ ಕೂತಳು. ತಗಡಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳದ ಮೇಲೆ ಎರಡೂ ಕೈ ಇಟ್ಟಳು.

"ಏನಂದೆ? ಪುಸ್ತಕ್ಕೆ ಯಾಕ್ಲಾ ಯೋಳ್ತೀಯ? ಈ ಕಡಿಕ್ ತಿರೀಕ್ಕಂಡು, ನನ್ಗೆ ಯೋಳು."

ಟೇಪನ್ನು ಕೊರಳಿಗೆ ಹಾಕಿಕೊಂಡು, ಇಯಾನ್ ಕೂರುವ ಹಾಗೆ ನೆಲದ ಮೇಲೆ ಮಂಡಿಯೂರಿ ಕೂತೆ. ಅವಳ ಮುಖ ನೋಡಿ, ಜೋರಾಗಿ ಹೇಳಿದೆ.

"ತಪ್ಪಾಯ್ತು ಕಣಕ್ಕ. ಬಿಗಿ ಅಂತ ನೀನು ಮೂರ್ ಸತಿ ಅಂದೆ. ನಾನು ಕೇಳ್ಲಿಲ್ಲ. ನಿನ್ ಪಕ್ದಲ್ಲೇ ಕುಂತ್ಕಂಡು ನಿನ್ ಬಗ್ಗೆ ಬೇರೆವ್ರನ್ನ ಕೇಳ್ದೆ. ನನ್ ತಪ್ಪಾಯ್ತು ಅಕ್ಕ."